ಆಲ್ಬೇನಿಯದಲ್ಲೂ ಒಂದು ‘ಮಲೆನಾಡು’

ಆಲ್ಬೇನಿಯದ ಉತ್ತರದಲ್ಲಿ ಶ್ಕೋಡರ್ ಎಂಬ ಪುರಾತನ ನಗರವಿದೆ. ಅಲ್ಲಿಂದ ಉತ್ತರಕ್ಕೆ ಹೊರಟರೆ ಮೊದಲು ಬಯಲು. ಎಡಕ್ಕೆ ವಿಶಾಲವಾದ ಸರೋವರ. ಕೊಪ್ಲಿಕ್ ಪಟ್ಟಣದಿಂದ ಬಲಕ್ಕೆ ತಿರುಗಿದರೆ ರಸ್ತೆ ಬೆಟ್ಟ ಏರತೊಡಗುತ್ತದೆ. ಮೇಲೆ ಸುಣ್ಣಕಲ್ಲಿನ ಬೋಳು ಶಿಖರಗಳು, ಕೆಳಗೆ ದಟ್ಟ ಕಾಡು. ಸುಮಾರು 1,700 ಮೀಟರ್ ಎತ್ತರದ ಘಟ್ಟವನ್ನು ದಾಟಿ ಇಳಿದರೆ ಥೆಥ್ ಹಳ್ಳಿ. ಈ ಸಾಲಿನ ಯೆಜೆರ್ಸ ಶಿಖರದ ಎತ್ತರ 2,694 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರಿಗೂ ಹೆಚ್ಚು!

ನಾನು ಈ ದಾರಿಯಲ್ಲಿ ಸಾಗಿದ್ದು ಭೂಪಟದ ಮೇಲೆ ಮಾತ್ರ. ಆದರೆ ಆ ಸೀಮೆಯ ಹೆಸರು ಕಂಡಾಗ ಬೆರಳು ಅಲ್ಲೇ ನಿಂತಿತು. ‘ಮಲೆಸಿ’! ಆಲ್ಬೇನಿಯನ್ ಭಾಷೆಯಲ್ಲಿ ‘ಮಲ್’ ಎಂದರೆ ಬೆಟ್ಟ, ‘ಮಲೆಸಿ’ ಎಂದರೆ ಬೆಟ್ಟದ ಸೀಮೆ, ‘ಮಲೆಸೋರ್’ ಎಂದರೆ ಅಲ್ಲಿಯವನು. ನಮ್ಮ ಮಲೆ, ಮಲೆನಾಡು, ಮಲೆನಾಡಿಗ! ಮರುದಿನವೇ ತರಗತಿಯಲ್ಲಿ, ‘ಅವರೂ ನಾವೂ ಒಂದೇ ಮೂಲದವರು’ ಎಂದು ಹೇಳಿಬಿಟ್ಟೆ. ‘ಹಾಗಾದರೆ ಅವರು ಮೂರು, ಹತ್ತು ಎನ್ನಲು ಏನು ಹೇಳುತ್ತಾರೆ ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಳು. ಉತ್ತರ ಹುಡುಕಲು ಹೊರಟಾಗ ನನ್ನ ತಪ್ಪು ಅರಿವಾಯಿತು.

ಮೂರಕ್ಕೆ ಆಲ್ಬೇನಿಯನ್ನರು ‘ತ್ರೆ’ ಎನ್ನುತ್ತಾರೆ, ಯೂರೋಪಿನ ಇನ್ನೊಂದು ತುದಿಯ ಐರಿಷ್ ಭಾಷೆಯಲ್ಲಿ ‘ತ್ರೀ’, ಸಂಸ್ಕೃತದಲ್ಲಿ ‘ತ್ರಿ’. ಹತ್ತಕ್ಕೆ ಕ್ರಮವಾಗಿ ‘ಧ್ಯೆತ’, ‘ದೆಹ್’, ‘ದಶ’. ಕನ್ನಡದ ಮೂರು, ಹತ್ತುಗಳಿಗೆ ತಮಿಳಿನ ಮೂನ್ರು, ಪತ್ತುಗಳೇ ಬಂಧುಗಳು. ಆಲ್ಬೇನಿಯನ್ ಇಂಡೋ-ಯೂರೋಪಿಯನ್ ಕುಟುಂಬದ್ದೆಂದು 1850ರ ದಶಕದಲ್ಲಿ ಫ್ರಾಂಜ್ ಬಾಪ್ ವಾದಿಸಿದರು. ಅದೇ ದಶಕದಲ್ಲಿ, 1856ರಲ್ಲಿ, ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟವಾಯಿತು. ಮನೆತನಗಳೇ ಬೇರೆ!

ಹಾಗಾದರೆ ‘ಮಲ್’ ಪದದ ನಿಜವಾದ ನೆಂಟರು ಯಾರು? ಐರ್ಲೆಂಡಿಗೆ ಹೋಗೋಣ. ಅಲ್ಲಿ ‘ಮಲ’ ಎಂದರೆ ಕಣ್ಣಿನ ಹುಬ್ಬು. ಗುಡ್ಡದ ಇಳಿಜಾರಿಗೂ ಅದೇ ಮಾತು. ಫ್ರಾನ್ಸಿನ ವಾಯವ್ಯ ಮೂಲೆಯ ಬ್ರೆಟನ್ ಭಾಷೆಯಲ್ಲಿ ‘ಮಲ್ವೆನ್’ ಎಂದರೆ ಕಣ್ಣೆವೆ. ಇವನ್ನೂ ಆಲ್ಬೇನಿಯದ ಬೆಟ್ಟವನ್ನೂ ‘ಮೇಲೆದ್ದು ಕಾಣು’ ಎಂಬ ಒಂದೇ ಬೇರಿಗೆ ಕೆಲವು ವಿದ್ವಾಂಸರು ಒಯ್ಯುತ್ತಾರೆ. ಕಣ್ಣಿನ ಮೇಲೆ ಹುಬ್ಬು, ಬಯಲಿನ ಮೇಲೆ ಗುಡ್ಡ. ಆಲ್ಬೇನಿಯನ್ನರು ಘಟ್ಟದ ದಾರಿಯನ್ನು ‘ಚಾಫ’, ಅಂದರೆ ಕುತ್ತಿಗೆ, ಎನ್ನುತ್ತಾರೆ. ನಾವೂ ‘ಬೆಟ್ಟದ ನೆತ್ತಿ’ ಎನ್ನುವುದಿಲ್ಲವೇ? ನೆಲಕ್ಕೆ ದೇಹದ ಹೆಸರಿಡುವುದಕ್ಕೆ ನೆಂಟಸ್ತಿಕೆ ಬೇಕಿಲ್ಲ, ಮನುಷ್ಯನಾಗಿದ್ದರೆ ಸಾಕು.

ಹಾಗಾದರೆ ‘ಮಲ್’ ಮತ್ತು ‘ಮಲೆ’? ಕೇವಲ ಆಕಸ್ಮಿಕ. ಬಾಯಿ ಹೊರಡಿಸುವ ಧ್ವನಿಗಳು ಕೆಲವೇ, ಭಾಷೆಗಳು ಸಾವಿರಾರು. ಪುಟ್ಟ ಪದಗಳು ಅಲ್ಲಲ್ಲಿ ಡಿಕ್ಕಿ ಹೊಡೆಯಲೇಬೇಕು. ಉಪ್ಪೂ ಬಿಳಿ, ಸಕ್ಕರೆಯೂ ಬಿಳಿ. ಬಾಣಲೆಯಲ್ಲಿ ಕಾಯಿಸಿ ನೋಡಿ: ಸಕ್ಕರೆ ಕರಗಿ ಕಪ್ಪಾಗುತ್ತದೆ, ಉಪ್ಪು ಉಪ್ಪಾಗಿಯೇ ಉಳಿಯುತ್ತದೆ. ಪದಗಳಿಗೂ ಇಂಥ ಪರೀಕ್ಷೆ ಬೇಕು. ಒಂದು ಪದ ಹೋಲಿದರೆ ಸಾಲದು. ಹತ್ತಾರು ಪದಗಳಲ್ಲಿ ಹೋಲಿಕೆ ನಿಯಮದಂತೆ ಮರುಕಳಿಸಬೇಕು.

ಮರುವಾರ ತರಗತಿಯಲ್ಲಿ ನನ್ನ ಮಾತನ್ನು ಹಿಂದೆಗೆದುಕೊಂಡೆ. ಪ್ರಶ್ನೆ ಕೇಳಿದ ಹುಡುಗಿ ಹಿಗ್ಗಿದಳು. ಪೋಷಕರೇ, ಮಕ್ಕಳು ‘ಅದು ಹೇಗೆ ಗೊತ್ತು?’ ಎಂದು ಕೇಳಿದರೆ ಗದರಬೇಡಿ. ಮೇಷ್ಟ್ರ ತಪ್ಪು ತಿದ್ದುವುದೂ ಆ ಪ್ರಶ್ನೆಯೇ.