ಎರಡನೇ ಬಕೆಟ್

ನಮ್ಮ ಅಂಗಳದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಕಪ್ಪು ಕಾರಿದೆ. ರವಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ನಾನೇ ಅದನ್ನು ತೊಳೆಯುತ್ತೇನೆ. ಆಗ ನನ್ನ ಬಳಿ ಎರಡು ಬಕೆಟ್ ಇರುತ್ತವೆ. ಒಂದರಲ್ಲಿ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ನೆರೆಮನೆಯವರು ನೋಡಿ ನಗುತ್ತಾರೆ. “ಇಷ್ಟು ಸಣ್ಣ ಕಾರಿಗೆ ಎರಡೆರಡು ಬಕೆಟಾ?” ಎನ್ನುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆ ಎರಡನೇ ಬಕೆಟಿನ ಬೆಲೆ ನನಗೆ ಮಾತ್ರ ಗೊತ್ತು.

1998ರಲ್ಲಿ ನಾನು ದುಬೈಗೆ ಹೋದೆ. ಅದಕ್ಕೂ ಮೊದಲು ಮಂಗಳೂರಿನ ಬಂದರಿನಲ್ಲಿ ಚೀಲ ಹೊರುತ್ತಿದ್ದೆ. ದುಬೈಯಲ್ಲಿ ಸಿಕ್ಕಿದ್ದು ಕಟ್ಟಡಗಳ ಪಾರ್ಕಿಂಗಿನಲ್ಲಿ ಕಾರು ತೊಳೆಯುವ ಕೆಲಸ. ರಾತ್ರಿ ಎರಡು ಗಂಟೆಗೆ ಎದ್ದರೆ ಬೆಳಗ್ಗೆ ಆರರೊಳಗೆ 30 ಕಾರು ಮುಗಿಯಬೇಕು. ಕೈಯಲ್ಲಿ ಒಂದು ಬಕೆಟ್, ಎರಡು ತುಂಡು ಬಟ್ಟೆ. ನೀರು ತುಂಬಿಸಲು ಕಾವಲುಗಾರ ಎರಡು ಸಲ ಬಿಡುತ್ತಿದ್ದ, ಮೂರನೇ ಸಲ ಗದರುತ್ತಿದ್ದ. ಹತ್ತನೇ ಕಾರಿಗೆ ಬರುವಾಗ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಅದೇ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮುಂದಿನ ಕಾರಿನ ಮರಳು ಒರೆಸುತ್ತಿದ್ದೆ.

ಒಂದು ದಿನ ಮೇಲ್ವಿಚಾರಕ ಕರೆದ. ಹೊಸ ಕಪ್ಪು ಕಾರೊಂದರ ಮಾಲಕರು ಪಕ್ಕದಲ್ಲಿ ನಿಂತಿದ್ದರು. ಬಾನೆಟಿನ ಮೇಲೆ ಬಿಸಿಲು ಬಿದ್ದಲ್ಲಿ ಜೇಡರ ಬಲೆಯಂತೆ ನೂರಾರು ನವಿರಾದ ಗೀರುಗಳು ಕಾಣುತ್ತಿದ್ದವು. “ನಿನ್ನ ಕೈ ಒರಟು. ನೀನು ಈ ಕೆಲಸಕ್ಕೆ ಆಗುವವನಲ್ಲ” ಎಂದ ಮೇಲ್ವಿಚಾರಕ. ಆ ತಿಂಗಳ ಸಂಬಳದಲ್ಲಿ 200 ದಿರ್ಹಂ ಮುರಿದರು. ಊರಿಗೆ ಕಳುಹಿಸುವ ಹಣ ಅಷ್ಟು ಕಡಿಮೆಯಾಯಿತು. ಕಾರಣ ಕೇಳಿದ ಉಮ್ಮನಿಗೆ ಸುಳ್ಳು ಹೇಳಿದೆ.

ಹಣಕ್ಕಿಂತ ಹೆಚ್ಚು ನೋವಾದದ್ದು ಆ ಮಾತಿಗೆ. ಚೀಲ ಹೊತ್ತ ಕೈ ಒರಟಾಗಿದ್ದದ್ದು ನಿಜವೇ. ರಾತ್ರಿ ಮಲಗುವಾಗ ಅಂಗೈಗೆ ತೆಂಗಿನೆಣ್ಣೆ ಉಜ್ಜಿಕೊಳ್ಳತೊಡಗಿದೆ. ಕೋಣೆಯ ಗೆಳೆಯರು ತಮಾಷೆ ಮಾಡಿದರು. ಕೈ ಮೆತ್ತಗಾಯಿತು. ಕಾರುಗಳ ಗೀರು ಮಾತ್ರ ನಿಲ್ಲಲಿಲ್ಲ.

2006ರಲ್ಲಿ ಊರಿಗೆ ಮರಳಿದೆ. ಕೆಲವು ವರ್ಷಗಳ ನಂತರ ಈ ಕಾರು ಕೊಂಡೆ. ಇದರ ಮೈಮೇಲೂ ಅದೇ ಜೇಡರ ಬಲೆ. ಪೇಟೆಯ ಗ್ಯಾರೇಜೊಂದರಲ್ಲಿ ಬಣ್ಣ ಹೊಡೆಯುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಟಾರ್ಚ್ ಬಿಟ್ಟು ನೋಡಿ, “ತೊಳೆದವನಿಗೆ ನೀರು ಸಾಕಾಗಿಲ್ಲ” ಎಂದರು. ನಾನು ಸ್ವಲ್ಪ ಹೊತ್ತು ಅಲ್ಲೇ ಕುಳಿತುಬಿಟ್ಟೆ.

ಅವರು ವಿವರಿಸಿದರು. ಈಗಿನ ಹೆಚ್ಚಿನ ಕಾರುಗಳ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಹೊಳಪು ಕೊಡುವುದೂ ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣವೋ ಗಾಜಿಗಿಂತಲೂ ಗಟ್ಟಿ. ಒಂದು ಕಣ ಬಟ್ಟೆಗೆ ಸಿಕ್ಕಿಕೊಂಡರೆ ಸಾಕು, ಕೈ ಹೂವಿನಷ್ಟು ಮೃದುವಾಗಿದ್ದರೂ ಗೀರು ಬೀಳುತ್ತದೆ. ಆದ್ದರಿಂದ ಧೂಳನ್ನು ಒಣಗಿದಂತೆಯೇ ಒರೆಸಬಾರದು, ನೀರು ಸುರಿದು ಇಳಿಸಬೇಕು.

ಅಂದಿನಿಂದ ನನ್ನ ಕ್ರಮ ಹೀಗಿದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ ಮೊದಲು ಬರೀ ನೀರು ಹೊಯ್ಯುತ್ತೇನೆ. ನಮ್ಮೂರಿನ ಕೆಂಪುಕಲ್ಲಿನ ಧೂಳು ಅರ್ಧಕ್ಕರ್ಧ ಅಲ್ಲೇ ಇಳಿದುಹೋಗುತ್ತದೆ. ಬಳಿಕ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಮಾಡಿನಿಂದ ಕೆಳಗೆ ಬರುತ್ತೇನೆ. ಒಂದು ಭಾಗ ಮುಗಿದಾಗಲೆಲ್ಲ ಬಟ್ಟೆಯನ್ನು ಎರಡನೇ ಬಕೆಟಿನಲ್ಲಿ ಜಾಲಾಡಿಯೇ ಮತ್ತೆ ಶಾಂಪೂವಿಗೆ ಅದ್ದುವುದು. ಹೆಚ್ಚು ಕೆಸರಿರುವ ಬಾಗಿಲ ತಳ ಕೊನೆಗೆ. ಚಕ್ರಕ್ಕೆ ಬಳಸಿದ ಬಟ್ಟೆ ಮೈಗೆ ತಾಗಬಾರದು. ಬಟ್ಟೆ ತೊಳೆಯುವ ಪುಡಿ, ಪಾತ್ರೆ ತೊಳೆಯುವ ಸಾಬೂನು ಬೇಡ, ಅವು ಮೇಣವನ್ನು ತೆಗೆದುಬಿಡುತ್ತವೆ. ಹೊಳಪಿಗೆಂದು ಸೀಮೆಎಣ್ಣೆ ಒರೆಸುವವರಿದ್ದಾರೆ. ಆ ಜಿಡ್ಡು ಇನ್ನಷ್ಟು ಧೂಳನ್ನು ಹಿಡಿಯುತ್ತದೆ. ಹಕ್ಕಿಯ ಹಿಕ್ಕೆ ಬಿದ್ದರೆ ರವಿವಾರದವರೆಗೆ ಕಾಯಬೇಡಿ. ಅದರಲ್ಲಿ ಆಮ್ಲವಿದೆ, ಬಿಸಿಲಿಗೆ ಕಲೆ ಕೊರೆಯುತ್ತದೆ. ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿಬಿಡಿ. ಕಾರಿಗೆ ಹೊದಿಕೆ ಹಾಕುವವರೂ ಗಮನಿಸಬೇಕು. ಧೂಳು ಹಿಡಿದ ಮೈಮೇಲೆ ಹೊದಿಸಿದರೆ ಗಾಳಿಗೆ ಅದೇ ಉಜ್ಜಿ ಗೀರು ಮಾಡುತ್ತದೆ.

ಪಾಲಿಶ್ ಮತ್ತು ಮೇಣ ಒಂದೇ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಪಾಲಿಶಿನಲ್ಲಿ ಸವೆಸುವ ನುಣುಪಾದ ಪುಡಿ ಇರುತ್ತದೆ. ಅದು ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪದರವನ್ನು ಗೀರಿನ ಮಟ್ಟಕ್ಕೆ ಸವೆಸುತ್ತದೆ. ಪ್ರತಿ ಪಾಲಿಶಿಗೂ ಆ ತೆಳು ಪದರ ಇನ್ನಷ್ಟು ತೆಳುವಾಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶಿನಿಂದ ತೆಗೆಯಲು ಹೋಗಲೇಬಾರದು. ಮೇಣ ಮಾತ್ರ ಮೇಲಿನಿಂದ ಹಚ್ಚುವ ರಕ್ಷಣೆ. ಬ್ರೆಜಿಲಿನ ಒಂದು ಜಾತಿಯ ತಾಳೆಮರದ ಎಲೆಯಿಂದ ತೆಗೆಯುವ ಕಾರ್ನೂಬಾ ಮೇಣ ಇದಕ್ಕೆ ಹೆಸರುವಾಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಳುವಾಗಿ ಹಚ್ಚಿ ಒರೆಸುತ್ತೇನೆ. ಹನಿ ಮುತ್ತಿನಂತೆ ಉರುಳುತ್ತಿದ್ದರೆ ಮೇಣ ಇನ್ನೂ ಇದೆಯೆಂದು ಅರ್ಥ.

ಕಳೆದ ವರ್ಷ ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದೆ. “ಕಾರು ತೊಳೆಯುವ ಹುಡುಗ ಇಡೀ ಕಾರಿಗೆ ಗೀರು ಹಾಕಿದ್ದಾನೆ, ಅವನನ್ನು ಬಿಡಿಸಬೇಕು” ಎಂದ ಮಗ. ಮರುದಿನ ನಸುಕಿನಲ್ಲಿ ನಾನು ನೆಲಮಾಳಿಗೆಗೆ ಇಳಿದೆ. ಇಪ್ಪತ್ತರ ಪ್ರಾಯದ ಹುಡುಗ, ಒಂದು ಬಕೆಟ್, ಚಹಾ ಬಣ್ಣದ ನೀರು. “ನೀರು ಬದಲಿಸುವುದಿಲ್ಲವೇ?” ಎಂದು ಕೇಳಿದೆ. “ಹತ್ತು ಕಾರಿಗೆ ಒಂದೇ ಬಕೆಟ್ ಅಂತ ಹೇಳಿದ್ದಾರೆ ಸಾರ್” ಎಂದ. ಹೇಳುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಮೇಲೆ ಬಂದು ಮಗನಿಗೆ ಆ 200 ದಿರ್ಹಮಿನ ಕತೆ ಹೇಳಿದೆ. ಅಷ್ಟು ವರ್ಷ ಅವನಿಗೂ ಹೇಳಿರಲಿಲ್ಲ. ಅವನು ಏನೂ ಮಾತಾಡಲಿಲ್ಲ. ಸಂಜೆ ಬರುವಾಗ ಒಂದು ಹೊಸ ಬಕೆಟ್, ಆರು ಮೈಕ್ರೋಫೈಬರ್ ಬಟ್ಟೆ ತಂದಿದ್ದ. ನೀರಿನ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿದ. ಬೆಂಗಳೂರಿನಲ್ಲಿ ನೀರಿಗೆ ಬರವಿದೆ, ಒಪ್ಪುವ ಮಾತೇ. ಹಾಗಾದರೆ ದಿನಾ ತೊಳೆಸುವುದು ಬೇಡ, ವಾರಕ್ಕೊಮ್ಮೆ ಸರಿಯಾಗಿ ತೊಳೆಯಲಿ, ಹುಡುಗನ ಸಂಬಳ ಇಳಿಸುವುದು ಬೇಡ ಎಂದನಂತೆ. ಆ ಮಾಳಿಗೆಯ ನಾಲ್ಕು ಮನೆಯವರು ಒಪ್ಪಿದ್ದಾರೆ. ಉಳಿದವರ ಕಾರುಗಳಿಗೆ ಈಗಲೂ ಒಂದೇ ಬಕೆಟ್.

ನನ್ನ ಕಪ್ಪು ಕಾರಿನಲ್ಲಿ ಕೆಲವು ಗೀರುಗಳು ಉಳಿದಿವೆ. ಇನ್ನೊಮ್ಮೆ ಪಾಲಿಶ್ ಮಾಡಿದರೆ ಹೋಗಬಹುದೆಂದು ಗ್ಯಾರೇಜಿನ ಹಿರಿಯರು ಹೇಳಿದರು. ಬೇಡವೆಂದೆ. ಪದರ ತೆಳುವಾಗಿದೆ, ಇದ್ದಷ್ಟು ಉಳಿಯಲಿ. ಅದನ್ನು ಯಾರು ತೊಳೆಯುತ್ತಿದ್ದನೋ ಗೊತ್ತಿಲ್ಲ. ಅವನ ಕೈಯನ್ನು ದೂರಲು ಮಾತ್ರ ನನಗೆ ಮನಸ್ಸಿಲ್ಲ.