ಸೋಸಿದ ನೀರು, ಸೋಸಲಾರದ ವಿಷ

ಶ್ರಾವಕರ ಮನೆಗಳಲ್ಲಿ ನೀರು ಸೋಸುವುದು ಕೇವಲ ಶುಚಿತ್ವದ ಮಾತಾಗಿರಲಿಲ್ಲ. ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ನೀರನ್ನು ಗಾಳಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿ ಬಿಟ್ಟಾಗಲೇ ಆ ಕ್ರಿಯೆ ಪೂರ್ಣವಾಗುತ್ತಿತ್ತು. ಬಟ್ಟೆಯ ಈ ಪದ್ಧತಿಯನ್ನು ಹಳೆಯ ಕಾಲದ ನಂಬಿಕೆಯೆಂದು ನಗುವವರೂ ಉಂಟು. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ.

ಆದರೆ ನೀರಿನಲ್ಲಿ ಕರಗಿದ ವಿಷಕ್ಕೆ ಬಟ್ಟೆಯು ತಡೆಯಲ್ಲ. ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಕಲ್ಲಿನೊಳಗೆ ಆಳಕ್ಕಿಳಿದಂತೆ ಫ್ಲೋರೈಡ್ ಮೇಲೆ ಬಂದಿತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ. ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಮಂಡಿಗಳ ಬಿಗಿತ. ಕುದಿಸಿದರೂ ಹೋಗದು, ನೀರು ಆವಿಯಾಗಿ ಅದರ ಪ್ರಮಾಣ ತುಸು ಏರುತ್ತದೆ. ಪ್ರಾಸುಕ ಜಲವೆಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.

ಆ ಸೀಮೆಯ ಒಂದು ಪೇಟೆಯಲ್ಲಿ ಹಿರಿಯ ವರ್ತಕರೊಬ್ಬರು. ನಿತ್ಯ ಬಸದಿಗೆ ಹೋಗುವವರು, ರಾತ್ರಿ ಭೋಜನ ಬಿಟ್ಟವರು. ಹದಿನೈದು ಸಾವಿರ ರೂಪಾಯಿಯ ಆರ್.ಓ. ಯಂತ್ರವನ್ನು ಮನೆಗೆ ತಂದಿದ್ದರು. ಅಂಗಡಿಯ ಗಲ್ಲಾದ ಬಳಿ ಅದೇ ನೀರಿನ ಕ್ಯಾನು. ಹಿಂದಿನ ಗೋದಾಮಿನಲ್ಲಿ ಹಮಾಲರಿಗೆ ಕೊಳವೆಬಾವಿಯ ನೀರಿನ ಡ್ರಮ್ಮು. ಎರಡರ ಬಾಯಿಗೂ ಬಿಳಿಯ ಬಟ್ಟೆ ಕಟ್ಟಿಸಿದ್ದರು. ಬಹುಕಾಲ ಅವರಿಗೆ ಇದರಲ್ಲಿ ದೋಷವೇ ಕಾಣಲಿಲ್ಲ. ಒಮ್ಮೆ ಕೇಳಿದ್ದುಂಟು, “ನಮ್ಗೆ ಈ ನೀರೇ ರೂಢಿ ಸಾವ್ಕಾರ್ರೇ, ಆ ನೀರು ಸಪ್ಪೆ” ಎಂದಿದ್ದ ಹಮಾಲ. ಆ ಉತ್ತರವು ಅನುಕೂಲವಾಗಿದ್ದುದರಿಂದ ಮತ್ತೆ ಕೇಳಲಿಲ್ಲ. ಅದೇ ಮನುಷ್ಯನು ಒಂದು ದಿನ ಮೂಟೆಯ ಬಳಿ ಕುಳಿತವನು, ಮಂಡಿ ಮಡಿಸಲಾರದೆ, ಗೋಡೆ ಹಿಡಿದು ಎದ್ದನು. ವಯಸ್ಸಿನಲ್ಲಿ ಯಜಮಾನರಿಗಿಂತ ಇಪ್ಪತ್ತು ವರ್ಷ ಕಿರಿಯವನು.

ಅಂದು ಸಂಜೆ ಅವರು ಲೆಕ್ಕ ಬರೆದರು. ಐವರ ಸಂಸಾರಕ್ಕೆ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರು. ಸರ್ಕಾರಿ ಶುದ್ಧ ನೀರಿನ ಘಟಕದಲ್ಲಿ ಬಹಳ ಕಡೆ 20 ಲೀಟರಿಗೆ 5 ರೂಪಾಯಿ. ತಿಂಗಳಿಗೆ ಇನ್ನೂರಕ್ಕೂ ಕಡಿಮೆ. ಘಟಕ ಕೆಟ್ಟು ನಿಂತ ದಿನ ಖಾಸಗಿ ಕ್ಯಾನಿಗೆ ಅದರ ಹಲವು ಪಟ್ಟು. ಸರದಿಯಲ್ಲಿ ನಿಂತವನ ಅರ್ಧ ದಿನದ ಕೂಲಿ ಲೆಕ್ಕದಲ್ಲೇ ಬರುವುದಿಲ್ಲ. 2019ರಲ್ಲಿ ಘೋಷಿತವಾದ ಜಲಜೀವನ ಯೋಜನೆಯು ಪ್ರತಿ ಗ್ರಾಮೀಣ ಮನೆಗೆ ತಲೆಗೆ 55 ಲೀಟರು ಶುದ್ಧ ನೀರೆಂದು ಸಂಕಲ್ಪಿಸಿತು. ಆದರೆ ಮೂಲವು ಅದೇ ಕೊಳವೆಬಾವಿಯಾದರೆ, ಶುದ್ಧೀಕರಿಸದ ಹೊರತು, ನಲ್ಲಿಯಲ್ಲಿ ಬರುವುದೂ ಅದೇ ನೀರು.

ಇನ್ನೊಂದು ಸಂಗತಿ ಅವರನ್ನು ಹೆಚ್ಚು ಕಾಡಿತು. ಮನೆಯ ಯಂತ್ರವು ಒಂದು ಲೀಟರು ಒಳ್ಳೆಯ ನೀರಿಗೆ ಎರಡು ಮೂರು ಲೀಟರು ಹೊರಚೆಲ್ಲುತ್ತದೆ. ತೆಗೆದ ಫ್ಲೋರೈಡೆಲ್ಲ ಅದರಲ್ಲೇ. ಬಟ್ಟೆಯಲ್ಲಿ ಉಳಿದುದನ್ನು ಅದರ ಸ್ಥಾನಕ್ಕೇ ಮುಟ್ಟಿಸುತ್ತಿದ್ದ ವಂಶದ ಮನೆಯಿಂದ, ಯಂತ್ರದಲ್ಲಿ ಉಳಿದುದು ಚರಂಡಿ ಹಿಡಿದು ಹಮಾಲರ ಕೇರಿಯತ್ತ ಹರಿಯುತ್ತಿತ್ತು.

ಡ್ರಮ್ಮು ಮರುದಿನವೇ ಹೋಯಿತು. ಅದು ಸುಲಭದ ಕೆಲಸ. ಬಸದಿಯ ಟ್ರಸ್ಟಿನ ಮುಂದೆ ಅವರು ಮತ್ತೊಂದು ಲೆಕ್ಕವಿಟ್ಟರು. ಮಳೆನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇಲ್ಲ. 200 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರು ಬಿದ್ದರೆ ಒಂದು ಲಕ್ಷ ಲೀಟರು. ನಷ್ಟ ಕಳೆದು ಎಂಬತ್ತು ಸಾವಿರ. ಹತ್ತು ಸಂಸಾರಗಳಿಗೆ ಹತ್ತು ತಿಂಗಳು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಇದು ಯಾವುದೆಂದು ಒಬ್ಬರು ಕೇಳಿದರು. ಫ್ಲೋರೈಡಿನ ಊರಿನಲ್ಲಿ ಮೊದಲಿನ ಮೂರೂ ಎಂದರು ಯಜಮಾನರು. ತೊಟ್ಟಿಗೆ ಯಾರೂ ಅಡ್ಡಿ ಹೇಳಲಿಲ್ಲ. ಚರ್ಚೆ ನಡೆದದ್ದು ನಲ್ಲಿ ಪ್ರಾಕಾರದ ಒಳಗೋ ಹೊರಗೋ ಎಂಬುದರ ಮೇಲೆ, ಎರಡು ಸಭೆ. ಒಳಗಿದ್ದರೆ ಸ್ವಚ್ಛತೆ ಉಳಿಯುವುದೆಂದರು ಕೆಲವರು. ಒಳಗಿದ್ದರೆ ಕೇರಿಯ ಹೆಂಗಸು ಕೊಡ ಹಿಡಿದು ಬಾಗಿಲಲ್ಲೇ ನಿಲ್ಲುವಳೆಂದರು ಯಜಮಾನರು. ನಲ್ಲಿ ಹೊರಗೋಡೆಗೆ ಕೂತಿತು. ಅದಕ್ಕೆ ಬೀಗವಿರಬೇಕೇ, ಇದ್ದರೆ ಕೀಲಿ ಯಾರ ಕೈಯಲ್ಲಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.