ಟೈಮ್‌ಟೇಬಲ್‌ನಲ್ಲಿಲ್ಲದ ಮೇಷ್ಟ್ರು

ಕಿವಿ ಕೇಳದ ಮಕ್ಕಳ ಶಾಲೆ. ಪಕ್ಕದಲ್ಲೇ ವಿಶೇಷ ಬಿ.ಎಡ್. ಕಾಲೇಜು. ಪ್ರಾಕ್ಟೀಸ್ ಪಾಠ ನಡೆದಿತ್ತು. ಪಾಠ ಮಾಡುತ್ತಿದ್ದ ಹುಡುಗಿ ಮಾತಾಡುತ್ತಲೇ ಬೋರ್ಡಿನ ಕಡೆ ತಿರುಗಿದಳು. ಮಕ್ಕಳು ಆ ಕ್ಷಣವೇ ತಂತಮ್ಮೊಳಗೆ ಕೈಮಾತಿಗೆ ಇಳಿದರು. ಹಿಂದೆ ಕೂತಿದ್ದ ಮೇಡಂ, “ಮೊದಲು ಬರೀರಿ, ಆಮೇಲೆ ತಿರುಗಿ ಮಾತಾಡಿ” ಎಂದರು. ಮಕ್ಕಳಿಗೆ ತುಟಿ ಕಾಣಬೇಕಲ್ಲ. ಕಿಟಕಿಗೆ ಬೆನ್ನು ಹಾಕಿ ನಿಲ್ಲುವಂತಿಲ್ಲ, ಮುಖ ಕಪ್ಪಾಗಿಬಿಡುತ್ತದೆ. ಗಂಡಸರಾದರೆ ಮೀಸೆ ಕತ್ತರಿಸಿಕೊಳ್ಳಬೇಕು.

*

ತುಟಿ ನೋಡಿ ಮಾತು ತಿಳಿಯುವುದು ಅಂದರೇನು ಎಂದು ಕನ್ನಡಿ ಮುಂದೆ ನಿಂತು ನೋಡಿದೆ. ಪರ, ಬರ, ಮರ: ಮೂರಕ್ಕೂ ತುಟಿ ಒಂದೇ. ಕ, ಗ ತುಟಿಯವರೆಗೆ ಬರುವುದೇ ಇಲ್ಲ. ಹೀಗಿರುವಾಗ ದ್ಯುತಿಸಂಶ್ಲೇಷಣೆಯನ್ನು ಯಾರ ತುಟಿಯಿಂದ ಕಲಿಯುವುದು?

*

ಬೆಳಗಿನ ಮೊದಲ ಕೆಲಸ ಮಾತ್ರ ನನಗೆ ಬಹಳ ಹಿಡಿಸಿತು. ಶಿಕ್ಷಕಿ ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ಆರು ದನಿ ಹೇಳುತ್ತಾರೆ: ಆ, ಊ, ಈ, ಮ್, ಶ್, ಸ್. ಡೇನಿಯಲ್ ಲಿಂಗ್ ಎಂಬವರು ರೂಪಿಸಿದ ಪರೀಕ್ಷೆ. ಮಾತಿನ ತಗ್ಗುದನಿಯಿಂದ ಏರುದನಿಯವರೆಗಿನ ಹರವು ಈ ಆರರಲ್ಲಿ ಅಡಗಿದೆ. ದನಿ ಕೇಳಿದಾಗಲೆಲ್ಲ ಮಗು ಡಬ್ಬಿಗೆ ಒಂದು ಮಣಿ ಹಾಕಬೇಕು. ಐದು ಮಣಿ ಬಿದ್ದವು. ‘ಸ್’ ಎಂದಾಗ ಹುಡುಗ ಮಣಿಯನ್ನು ಕೆನ್ನೆಗೆ ಒತ್ತಿಕೊಂಡು ಕಾಯುತ್ತಲೇ ಇದ್ದ. ತರಬೇತಿಯ ಹುಡುಗಿ ಅವನ ಶ್ರವಣ ಸಾಧನ ಬಿಚ್ಚಿ, ಕಿವಿಯ ಅಚ್ಚಿನ ತೂತಿನಲ್ಲಿ ಕೂತಿದ್ದ ಗುಗ್ಗೆ ತೆಗೆದು, ಮತ್ತೆ ಹಾಕಿದಳು. ಆರನೆಯ ಮಣಿಯೂ ಬಿತ್ತು. ಇಂಥ ಚುರುಕು ತರಬೇತಿಯಿಂದಲೇ ಬರುವುದು, ಒಪ್ಪಬೇಕು.

*

ಕಿವಿಯ ವಿಷಯದಲ್ಲಿ ಇಷ್ಟು ಪಳಗಿದವಳ ಕೈಮಾತು ಮಾತ್ರ ತೊದಲುತ್ತದೆ. ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದಳು. ಕೈಯ ಸಂಜ್ಞೆ ಸರಿಯಿತ್ತು, ಮುಖ ಕಲ್ಲಿನ ಹಾಗಿತ್ತು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಏರಬೇಕು. ಏರದಿದ್ದರೆ ಅದು ಪ್ರಶ್ನೆಯೇ ಅಲ್ಲ. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ತನ್ನ ಹುಬ್ಬು ಮುಟ್ಟಿ ತೋರಿಸಿದರು. ಅವರೂ ಕಿವುಡರೇ, ಇದೇ ಶಾಲೆಯಲ್ಲಿ ಓದಿದವರು. ಬಿಡುವಿನಲ್ಲಿ ತರಬೇತಿಯವರೆಲ್ಲ ಅವರ ಸುತ್ತ ನೆರೆಯುತ್ತಾರೆ. ಟೈಮ್‌ಟೇಬಲ್‌ನಲ್ಲಿ ಅವರ ಹೆಸರು ಹುಡುಕಿದೆ, ಸಿಗಲಿಲ್ಲ. ಗಂಟೆ ಬಾರಿಸುವ ಕೆಲಸವೂ ಅವರದೇ, ಗಡಿಯಾರ ನೋಡಿಕೊಂಡು.

*

1880ರ ಮಿಲಾನ್ ಸಮ್ಮೇಳನದಲ್ಲಿ ಕಿವುಡ ಮಕ್ಕಳಿಗೆ ಸಂಜ್ಞೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯವಾಯಿತು. ಅಲ್ಲಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸರಣಿಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. 130 ವರ್ಷ! ನಮ್ಮ ಸರ್ಕಾರಿ ಕಡತವೂ ಇದಕ್ಕಿಂತ ಬೇಗ ಸಾಗೀತು.

*

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿದೆ: ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಸ್ವತಃ ಅಂಗವಿಕಲರಾದವರನ್ನೂ ಸೇರಿಸಿಕೊಂಡು, ತರಬೇತುಗೊಳಿಸಿ ನೇಮಿಸಬೇಕು. ದೆಹಲಿಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದಲ್ಲಿ ಸಂಜ್ಞೆ ಕಲಿಸಲೆಂದೇ ಕಿವುಡರಿಗೆ ಡಿಪ್ಲೊಮಾ ಇದೆ. ಅಂಥವರು ಈ ಕಾಲೇಜಿಗೆ ಯಾಕೆ ಬಂದಿಲ್ಲ ಎಂದು ಪ್ರಾಂಶುಪಾಲರನ್ನು ಕೇಳಿದೆ.

“ಹುದ್ದೆ ಮಂಜೂರಾಗಿಲ್ಲ.”

“ಗೌರವಧನ ಕೊಟ್ಟು ಕರೆಸಬಹುದಲ್ಲ ಸರ್?”

“ಕರೆಸಬಹುದು. ಆದರೆ ಇಂಟರ್‌ಪ್ರಿಟರ್‌ನ ಎಲ್ಲಿಂದ ತರೋಣ? ಅವರು ಹೇಳೋದು ನಮ್ಮ ಬಿ.ಎಡ್. ಮಕ್ಕಳಿಗೆ ಅರ್ಥ ಆಗ್ಬೇಕಲ್ಲ!”